ಓಡುವ ಕಾಲಿಗೆ ಬಸ್ಕಿಯ ಬಲ

ಬೆಳಗಿನ ಐದೂವರೆ ಗಂಟೆ. ಶಿರಾ ಬಳಿ ಹೆದ್ದಾರಿಯ ಸರ್ವೀಸ್ ರಸ್ತೆಯಲ್ಲಿ, ಹಾದುಹೋಗುವ ಲಾರಿಗಳ ದೀಪದ ಬೆಳಕಿನಲ್ಲೇ ಹುಡುಗರ ಗುಂಪೊಂದು ಓಡುತ್ತಿರುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸೌರ ಫಲಕಗಳ ಸಾಲಿನ ಪಕ್ಕದ ರಸ್ತೆಯಲ್ಲಿ ಇನ್ನೊಂದು ಗುಂಪು. ಮಧುಗಿರಿಯಲ್ಲಿ ಏಕಶಿಲಾ ಬೆಟ್ಟದ ತಪ್ಪಲು, ಕೊರಟಗೆರೆಯಲ್ಲಿ ಯಾವುದೋ ಶಾಲೆಯ ಮೈದಾನ. ಕೆಲವರ ಕಾಲಿನಲ್ಲಿ ಹೊಸ ಬೂಟು, ಕೆಲವರದು ಅಣ್ಣ ಹಾಕಿ ಬಿಟ್ಟ ಹಳೆಯ ಬೂಟು, ಇನ್ನು ಕೆಲವರದು ಬರಿಗಾಲು. ಇವರಾರೂ ಒಲಿಂಪಿಕ್ಸ್ ಕನಸು ಕಂಡವರಲ್ಲ. ಮಳೆಯನ್ನೇ ನೆಚ್ಚಿಕೊಂಡು ಕಡಲೆಕಾಯಿ, ರಾಗಿ ಬೆಳೆಯುವ ಮನೆಗಳಿಂದ ಬಂದ ಇವರಿಗೆ ಬೇಕಾಗಿರುವುದು ತಿಂಗಳ ಸಂಬಳದ ಒಂದು ನೌಕರಿ. ಪೊಲೀಸ್ ಇಲಾಖೆಯಲ್ಲೋ, ಸೇನೆಯಲ್ಲೋ, ಗಡಿ ಕಾಯುವ ಪಡೆಯಲ್ಲೋ ಸಿಕ್ಕರೆ ಸಾಕು.

ಆ ನೌಕರಿಗೂ ಇವರಿಗೂ ನಡುವೆ ನಿಂತಿರುವುದು ಕೆಲವು ನಿಮಿಷಗಳ ಓಟ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗಳಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕಾಗಿತ್ತು. ಸೇನೆಯ ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವರಿಗೆ ಪೂರ್ಣ 60 ಅಂಕ. ತಡವಾದಂತೆಲ್ಲ ಅಂಕ ಇಳಿಯುತ್ತದೆ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 24 ನಿಮಿಷದಲ್ಲಿ 5 ಕಿಲೋಮೀಟರ್ ಓಡಬೇಕು. ಲೆಕ್ಕ ಹಾಕಿದರೆ ಪೊಲೀಸ್ ಓಟದ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್. ಸೇನೆಯದು 17ಕ್ಕೂ ಹೆಚ್ಚು. 200 ಮೀಟರ್ ಸುತ್ತಳತೆಯ ಶಾಲಾ ಮೈದಾನದಲ್ಲಿ ಪೊಲೀಸ್ ಓಟವೆಂದರೆ ಎಂಟು ಸುತ್ತು. ಪ್ರತಿ ಸುತ್ತಿಗೂ 49 ಸೆಕೆಂಡು ಮೀರುವಂತಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಹುಡುಗ ಮೊದಲು ಲಿಖಿತ ಪರೀಕ್ಷೆಗೆ ಕುಳಿತು ಓದುತ್ತಾನೆ. ಫಲಿತಾಂಶ ಬಂದು, ದೈಹಿಕ ಪರೀಕ್ಷೆಯ ದಿನ ಗೊತ್ತಾದ ಮೇಲೆ ಓಡಲು ಶುರು ಮಾಡುತ್ತಾನೆ. ಮೊದಲ ದಿನವೇ ನಾಲ್ಕು ಕಿಲೋಮೀಟರ್, ವಾರದ ಏಳು ದಿನವೂ ಓಟ. ಎರಡನೆಯ ವಾರಕ್ಕೆ ಉಸಿರು ಹದಕ್ಕೆ ಬರುತ್ತದೆ, ಹುಮ್ಮಸ್ಸು ಏರುತ್ತದೆ. ನಾಲ್ಕನೆಯ ವಾರಕ್ಕೆ ಕಣಕಾಲಿನ ಮೂಳೆಯ ಒಳಬದಿಯಲ್ಲಿ ನೋವು. ಎಣ್ಣೆ ಹಾಕಿ ತಿಕ್ಕುತ್ತಾನೆ, ಬಟ್ಟೆ ಬಿಗಿದು ಕಟ್ಟುತ್ತಾನೆ, ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ಓಡುತ್ತಾನೆ. ಪರೀಕ್ಷೆಯ ದಿನ ಐದನೆಯ ಸುತ್ತಿಗೆ ಕುಂಟುತ್ತಾನೆ. ಮುಂದಿನ ಅಧಿಸೂಚನೆ ಬರುವಷ್ಟರಲ್ಲಿ ವಯೋಮಿತಿ ದಾಟಿದರೆ ಅಲ್ಲಿಗೆ ಕಥೆ ಮುಗಿಯಿತು.

ಸೋತಿದ್ದು ಉಸಿರಲ್ಲ, ಕಾಲು. ಅದೂ ದುರದೃಷ್ಟದಿಂದಲ್ಲ, ಲೆಕ್ಕ ತಪ್ಪಿದ್ದರಿಂದ.

ಉಸಿರಿನ ವೇಗ, ಎಲುಬಿನ ವೇಗ

ಓಡಲು ಆರಂಭಿಸಿದ ಒಂದೆರಡು ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಸ್ನಾಯುಗಳೂ ಆಮ್ಲಜನಕ ಬಳಸುವುದನ್ನು ಬೇಗ ಕಲಿಯುತ್ತವೆ. ಹಾಗಾಗಿಯೇ ಎರಡು ವಾರದಲ್ಲಿ 'ದಮ್ಮು' ಬಂದಂತೆ ಅನಿಸುತ್ತದೆ. ಆದರೆ ಎಲುಬು ಮತ್ತು ಸ್ನಾಯುರಜ್ಜುಗಳದು ಎತ್ತಿನ ಗಾಡಿಯ ವೇಗ. ಅವು ಗಟ್ಟಿಯಾಗಲು ತಿಂಗಳುಗಳು ಬೇಕು.

ಎಲುಬು ನೋಡಲು ಕಲ್ಲಿನಂತಿದ್ದರೂ ಅದು ಜೀವಂತ ವಸ್ತು. ಅದರ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ಅದು ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ನಿಯಮವಾಗಿ ಬರೆದಿಟ್ಟ. ಆದರೆ ಈ ಬದಲಾವಣೆಯ ಕ್ರಮ ನಮ್ಮ ಊರುಗಳ ರಸ್ತೆ ರಿಪೇರಿಯಂತೆ: ಮೊದಲು ಅಗೆತ, ಆಮೇಲೆ ಮುಚ್ಚುವುದು. ದಣಿದ ಜಾಗದ ಹಳೆಯ ಎಲುಬನ್ನು ಒಂದು ಬಗೆಯ ಜೀವಕೋಶಗಳು ಕೆಲವು ವಾರಗಳಲ್ಲಿ ಕರಗಿಸುತ್ತವೆ. ಇನ್ನೊಂದು ಬಗೆಯವು ಅಲ್ಲಿ ಹೊಸ ಎಲುಬನ್ನು ತುಂಬಲು ಸುಮಾರು ಮೂರು ತಿಂಗಳು ತೆಗೆದುಕೊಳ್ಳುತ್ತವೆ. ಅಂದರೆ ಹೊಸದಾಗಿ ಓಡತೊಡಗಿದವನ ಕಾಲಿನ ಎಲುಬು ಮೊದಲ ಒಂದೆರಡು ತಿಂಗಳು ಗಟ್ಟಿಯಾಗುವ ಬದಲು ಅಲ್ಲಲ್ಲಿ ತುಸು ದುರ್ಬಲವಾಗಿಯೇ ಇರುತ್ತದೆ. ಉಸಿರು 'ಓಡು' ಎನ್ನುವ ಹೊತ್ತಿನಲ್ಲೇ ಎಲುಬು 'ತಾಳು' ಎನ್ನುತ್ತಿರುತ್ತದೆ.

ಸೈನಿಕರಲ್ಲಿ ಈ ತೊಂದರೆ ಬಹಳ ಹಿಂದೆಯೇ ಕಂಡಿತ್ತು. ದೀರ್ಘ ಕವಾಯತಿನ ನಂತರ ಪಾದ ಊದಿ ನೋಯುವುದನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ವರ್ಣಿಸಿದ. ಎಕ್ಸ್-ರೇ ಬಂದ ಮೇಲೆ, ಅದು ಪಾದದ ಎಲುಬಿನಲ್ಲಿ ಬಿಟ್ಟ ಕೂದಲೆಳೆಯಂಥ ಬಿರುಕು ಎಂಬುದು ಗೊತ್ತಾಯಿತು. ನೂರೆಪ್ಪತ್ತು ವರ್ಷ ಕಳೆದರೂ ಸಮವಸ್ತ್ರದ ಕನಸಿನ ಹುಡುಗರ ಕಾಲಿನಲ್ಲಿ ಅದೇ ಬಿರುಕು ಕಾಣಿಸಿಕೊಳ್ಳುತ್ತಿದೆ.

ಒಂದು ಹೆಜ್ಜೆಯ ಲೆಕ್ಕ

ನಡೆಯುವಾಗ ಒಂದು ಕಾಲಾದರೂ ನೆಲದ ಮೇಲಿರುತ್ತದೆ. ಓಡುವಾಗ ಹಾಗಲ್ಲ, ಪ್ರತಿ ಹೆಜ್ಜೆಯೂ ಒಂದು ಸಣ್ಣ ಜಿಗಿತ. ನೆಲಕ್ಕೆ ಬಿದ್ದ ಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. 60 ಕಿಲೋ ತೂಕದ ಯುವಕನಿಗೆ ಅದು 120ರಿಂದ 180 ಕಿಲೋ ಹೊರೆಗೆ ಸಮ. ಹೆಜ್ಜೆಗೆ ಒಂದು ಮೀಟರ್ ಎಂದುಕೊಂಡರೂ 5 ಕಿಲೋಮೀಟರಿಗೆ ಐದು ಸಾವಿರ ಹೆಜ್ಜೆ, ಒಂದೊಂದು ಕಾಲಿಗೆ ಎರಡೂವರೆ ಸಾವಿರ ಹೊಡೆತ. ಹಿಮ್ಮಡಿಯ ಹಿಂದಿನ ದಪ್ಪ ನರದಂತೆ ಕೈಗೆ ಸಿಗುವ ಸ್ನಾಯುರಜ್ಜುವಿಗಂತೂ ಪ್ರತಿ ಹೆಜ್ಜೆಯಲ್ಲೂ ದೇಹತೂಕದ ಆರು ಪಟ್ಟಿನಷ್ಟು ಎಳೆತ.

ಈ ಹೊಡೆತವನ್ನು ಹೀರಿಕೊಳ್ಳಬೇಕಾದವು ಸ್ನಾಯುಗಳು. ಬೈಕಿನ ಶಾಕ್ ಅಬ್ಸಾರ್ಬರ್ ಕೆಟ್ಟರೆ ಗುಂಡಿಯ ಪೆಟ್ಟು ನೇರ ಚಾಸಿಗೆ ಬೀಳುತ್ತದಲ್ಲ, ಹಾಗೆಯೇ ಮೀನಖಂಡ, ತೊಡೆ, ಸೊಂಟದ ಸ್ನಾಯುಗಳು ಸೋತಾಗ ಪೆಟ್ಟು ಎಲುಬಿಗೂ ಕೀಲಿಗೂ ವರ್ಗವಾಗುತ್ತದೆ. ಓಟದ ಕೊನೆಯ ಸುತ್ತುಗಳಲ್ಲಿ, ಭಂಗಿ ಕೆಟ್ಟು ಕಾಲು ದಪದಪ ಬೀಳುವಾಗಲೇ ಹೆಚ್ಚು ಹಾನಿ. ಹಾಗಾದರೆ ಪರಿಹಾರವೂ ಅಲ್ಲಿಯೇ ಇರಬೇಕಲ್ಲವೇ? ಓಟವೊಂದನ್ನೇ ಹೆಚ್ಚಿಸುವ ಬದಲು, ಓಟವನ್ನು ಹೊರುವ ಸ್ನಾಯುಗಳನ್ನು ಮೊದಲೇ ಬಲಪಡಿಸುವುದು.

ನೋವಿನ ವಿಳಾಸ

ಓಟಗಾರರ ನೋವುಗಳು ಹೆಚ್ಚಾಗಿ ಐದಾರು ವಿಳಾಸಗಳಲ್ಲೇ ಸಿಗುತ್ತವೆ.

ಕಣಕಾಲಿನ ಒಳಬದಿ: ಮೂಳೆಯ ಅಂಚಿನುದ್ದಕ್ಕೂ ನಾಲ್ಕಾರು ಬೆರಳಗಲ ಹರಡಿದ ನೋವು. ಹೊಸಬರ ಮೊದಲ ಶತ್ರು ಇದೇ. 'ಶಿನ್ ಸ್ಪ್ಲಿಂಟ್' ಎಂದು ತರಬೇತುದಾರರು ಕರೆಯುವುದು ಇದನ್ನೇ. ನೋವು ಹರಡಿರದೆ ಒಂದೇ ಬೆರಳಿನಿಂದ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿದ್ದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಅದು ಬಿರುಕಿರಬಹುದು.

ಮಂಡಿಯ ಚಿಪ್ಪಿನ ಸುತ್ತ: ಮೆಟ್ಟಿಲಿಳಿಯುವಾಗ, ಬೆಟ್ಟದಿಂದ ಇಳಿಯುವಾಗ, ಬಸ್ಸಿನಲ್ಲಿ ಬಹಳ ಹೊತ್ತು ಕಾಲು ಮಡಚಿ ಕುಳಿತಾಗ ನೋವು. ತೊಡೆ ಮತ್ತು ಸೊಂಟದ ಸ್ನಾಯುಗಳ ದೌರ್ಬಲ್ಯ ಇದರೊಂದಿಗೆ ಹಲವೊಮ್ಮೆ ಕಾಣುತ್ತದೆ.

ಹಿಮ್ಮಡಿಯ ಹಿಂಭಾಗ: ಬೆಳಿಗ್ಗೆ ಬಿಗಿದುಕೊಂಡಿದ್ದು, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವ ನೋವು.

ಅಂಗಾಲು: ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆಯಲ್ಲಿ ಹಿಮ್ಮಡಿಯ ಕೆಳಗೆ ಮೊಳೆ ಚುಚ್ಚಿದಂತೆ.

ತೊಡೆಯ ಹಿಂಭಾಗ: ಇದು ಮೆಲ್ಲಗೆ ಬರುವ ನೋವಲ್ಲ. ಕ್ರೀಡಾಕೂಟದಲ್ಲಿ 100 ಮೀಟರ್ ಓಡುತ್ತಿದ್ದ ಹುಡುಗ ಥಟ್ಟನೆ ತೊಡೆ ಹಿಡಿದುಕೊಂಡು ಕೂರುತ್ತಾನಲ್ಲ, ಅದು ಸ್ನಾಯು ಹರಿದ ಲಕ್ಷಣ.

ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೇಲೇರುವ ಶಾಲಾ ಕ್ರೀಡಾಕೂಟಗಳಲ್ಲಿ ಈ ಕೊನೆಯ ದೃಶ್ಯ ಅಪರೂಪವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿ ಮಕ್ಕಳ ಉತ್ಸಾಹಕ್ಕೆ ಬರವಿಲ್ಲ. ಬರವಿರುವುದು ಸ್ಪರ್ಧೆಗೆ ಮುಂಚಿನ ತಯಾರಿಗೆ. ವಾರದ ಹಿಂದೆ ಹೆಸರು ಬರೆಸಿ, ಆ ದಿನ ಬಿಸಿಲಲ್ಲಿ ಕಾದು ಕುಳಿತು, ಹೆಸರು ಕೂಗಿದೊಡನೆ ಎದ್ದು ಪೂರ್ಣ ವೇಗದಲ್ಲಿ ಓಡಿದರೆ ತೊಡೆ ತಾಳೀತೇ?

ಕರುವನ್ನು ಹೊತ್ತ ಮೈಲೋ

ಪ್ರಾಚೀನ ಗ್ರೀಸಿನ ಕುಸ್ತಿಪಟು ಮೈಲೋನ ಕಥೆ ಹಲವರಿಗೆ ಗೊತ್ತು. ಆತ ಒಂದು ಎಳೆಗರುವನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದಂತೆ ಅವನ ಬಲವೂ ಬೆಳೆದು ಕೊನೆಗೆ ಹೋರಿಯನ್ನೇ ಹೊತ್ತನಂತೆ. ಕಥೆ ಎಷ್ಟು ನಿಜವೋ, ಅದರ ತಿರುಳು ಮಾತ್ರ ವಿಜ್ಞಾನ. ಹೊರೆ ಮೆಲ್ಲಮೆಲ್ಲನೆ ಏರಬೇಕು, ಆದರೆ ಏರಲೇಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರಿಗೆ ಇದೇ ತತ್ವದಂತೆ ಭಾರ ಎತ್ತಿಸಿ ಕಾಲಿನ ಬಲ ಮರಳಿ ತಂದು, 1945ರಲ್ಲಿ ಅದನ್ನು ಪ್ರಕಟಿಸಿದರು. ಇಂದಿನ ಬಲವರ್ಧನ ಚಿಕಿತ್ಸೆಯ ಬುನಾದಿಗಳಲ್ಲಿ ಅದೂ ಒಂದು.

ಇನ್ನೊಂದು ಪ್ರಸಂಗ ಸ್ವೀಡನ್ನಿನದು. ಮೂಳೆ ವೈದ್ಯ ಹೋಕನ್ ಆಲ್‌ಫ್ರೆಡ್‌ಸನ್ ಸ್ವತಃ ಓಟಗಾರ. ಹಿಮ್ಮಡಿಯ ಸ್ನಾಯುರಜ್ಜು ನೋವಿನಿಂದ ಬಳಲುತ್ತಿದ್ದರು. ಶಸ್ತ್ರಚಿಕಿತ್ಸೆ ಮಾಡಲು ಮೇಲಿನವರು ಒಪ್ಪಲಿಲ್ಲವಂತೆ. ರಜ್ಜು ಹರಿದೇ ಹೋದರೆ ಮಾಡಲೇಬೇಕಾಗುತ್ತದಲ್ಲ ಎಂದು ಅವರು ನೋಯುವ ಕಾಲಿನ ಮೇಲೆ ಭಾರ ಹೇರಿ, ಮೆಟ್ಟಿಲಿನಂಚಿನಲ್ಲಿ ಹಿಮ್ಮಡಿಯನ್ನು ಇಳಿಸುವ ವ್ಯಾಯಾಮ ಶುರುಮಾಡಿದರು. ಹರಿಯುವ ಬದಲು ನೋವೇ ಹೋಯಿತು! 1998ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಬಹುಕಾಲದಿಂದ ನರಳುತ್ತಿದ್ದ 15 ಮಂದಿ ಓಟಗಾರರು 12 ವಾರ ಇದೇ ವ್ಯಾಯಾಮ ಮಾಡಿ, ಹದಿನೈದೂ ಮಂದಿ ಓಟಕ್ಕೆ ಮರಳಿದರು.

ತಡೆಯುವ ವಿಷಯದಲ್ಲಿಯೂ ಪುರಾವೆಗಳಿವೆ. ಬೇರೆ ಬೇರೆ ಕ್ರೀಡೆಗಳ 25 ಪ್ರಯೋಗಗಳು, 26 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2014ರ ಡೆನ್ಮಾರ್ಕಿನ ಅಧ್ಯಯನವೊಂದು, ಬಲವರ್ಧನ ವ್ಯಾಯಾಮದಿಂದ ಕ್ರೀಡಾಗಾಯಗಳು ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾದವೆಂದು ಕಂಡಿತು. ಬರೀ ಸ್ಟ್ರೆಚಿಂಗ್‌ನಿಂದ ಅಂಥ ಲಾಭ ಕಾಣಲಿಲ್ಲ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 118 ಓಟಗಾರರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾದದ ಸಣ್ಣ ಸ್ನಾಯುಗಳಿಗೆ ವ್ಯಾಯಾಮ ಕೊಡದ ಗುಂಪಿಗೆ, ಕೊಟ್ಟ ಗುಂಪಿಗಿಂತ ವರ್ಷದಲ್ಲಿ ಗಾಯವಾಗುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು.

ಆದರೆ ಇದು ಮಂತ್ರದಂಡವೇನೂ ಅಲ್ಲ. ಓಟಗಾರರ ಮೇಲೆ ಮಾತ್ರ ನಡೆದ ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2024ರ ಪರಿಶೀಲನೆಯೊಂದರಲ್ಲಿ ಒಟ್ಟಾರೆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಯಾರಾದರೂ ಮುಂದೆ ನಿಂತು ಮಾಡಿಸಿದ ಕಡೆ ಮಾತ್ರ ಗಾಯ ತಗ್ಗಿತ್ತು. ಹಾಳೆಯಲ್ಲಿ ಬರೆದುಕೊಟ್ಟು 'ಮಾಡಿಕೊಳ್ಳಿ' ಎಂದರೆ ಯಾರೂ ಮಾಡುವುದಿಲ್ಲ, ಮಾಡಿದರೂ ಸರಿಯಾಗಿ ಮಾಡುವುದಿಲ್ಲ. ಮನೆಪಾಠ ಕೊಟ್ಟ ಯಾವ ಮೇಷ್ಟರಿಗೂ ಇದು ಹೊಸ ವಿಷಯವಲ್ಲ.

ಶಿಕ್ಷೆಯಲ್ಲ, ಶಿಕ್ಷಣ

ಬಲವರ್ಧನೆ ಎಂದೊಡನೆ ಜಿಮ್ಮು, ಕಬ್ಬಿಣದ ಸಲಾಕೆ, ಪ್ರೋಟೀನ್ ಡಬ್ಬ ಕಣ್ಮುಂದೆ ಬರುತ್ತವೆ. ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಗುಂಡುಕಲ್ಲು ಎತ್ತಿ ಬಲ ಬೆಳೆಸಿದವರು. ವಿಚಿತ್ರವೆಂದರೆ, ಆ ಬಸ್ಕಿಯನ್ನು ಶಾಲೆಗಳು ಮನೆಪಾಠ ಮಾಡದ ಮಕ್ಕಳ ಶಿಕ್ಷೆಯಾಗಿಸಿಬಿಟ್ಟವು. ಕಿವಿ ಹಿಡಿದು ನೂರು ಬಸ್ಕಿ ಹೊಡೆದ ಹುಡುಗನಿಗೆ ಅದು ಅವಮಾನವಾಗಿ ನೆನಪಿರುತ್ತದೆಯೇ ಹೊರತು ಮಂಡಿಯ ಔಷಧವಾಗಿ ಅಲ್ಲ. ಅದೇ ಬಸ್ಕಿಯನ್ನು ಲೆಕ್ಕವಿಟ್ಟು, ಕ್ರಮವಾಗಿ ಮಾಡಿದರೆ ಓಟಗಾರನಿಗೆ ಅದಕ್ಕಿಂತ ಒಳ್ಳೆಯ ಗೆಳೆಯನಿಲ್ಲ.

ಭಾರಕ್ಕೂ ಚಿಂತಿಸಬೇಕಿಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಶುದ್ಧ ನೀರಿನ ಘಟಕದಿಂದ ದಿನವೂ ಹೊತ್ತು ತರುವ 20 ಲೀಟರಿನ ಕ್ಯಾನು ತುಂಬಿದರೆ 20 ಕಿಲೋ, ಅರ್ಧವಾದರೆ 10 ಕಿಲೋ. ಹಳೆಯ ಸ್ಕೂಲ್ ಬ್ಯಾಗಿಗೆ ಮರಳು ತುಂಬಿ ತಕ್ಕಡಿಗೆ ಹಾಕಿದರೆ ಅಳತೆಯ ಹೊರೆ ಸಿದ್ಧ. ಮನೆಯ ಜಗಲಿ, ಶಾಲೆಯ ಮೆಟ್ಟಿಲು ಉಳಿದ ಸಲಕರಣೆ.

ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ಒಂದೊಂದು ವ್ಯಾಯಾಮವನ್ನೂ 8ರಿಂದ 12 ಸಲ, ಅಂಥ ಎರಡು ಮೂರು ಸರದಿ. ಸರದಿ ಮುಗಿದಾಗ 'ಇನ್ನೆರಡು ಮೂರು ಮಾಡಬಲ್ಲೆ, ಹೆಚ್ಚಿಲ್ಲ' ಅನ್ನಿಸಬೇಕು. ಮೂವತ್ತು ಸಲೀಸಾಗಿ ಆಗುತ್ತಿದ್ದರೆ ಭಾರ ಸಾಲದು ಎಂದರ್ಥ.

1. ಹಿಮ್ಮಡಿ ಎತ್ತುವುದು: ಮೆಟ್ಟಿಲಿನಂಚಿನಲ್ಲಿ ಮುಂಗಾಲೂರಿ, ಗೋಡೆ ಹಿಡಿದು, ಹಿಮ್ಮಡಿಯನ್ನು ಪೂರ್ತಿ ಎತ್ತಿ, ಮೂರೆಣಿಸುತ್ತ ಕೆಳಗಿಳಿಸಬೇಕು. ಒಮ್ಮೆ ಮಂಡಿ ನೆಟ್ಟಗೆ, ಒಮ್ಮೆ ತುಸು ಬಾಗಿಸಿ. ಏಕೆಂದರೆ ಮೀನಖಂಡದ ಒಳಪದರದ ಸ್ನಾಯು ಹೆಚ್ಚು ದುಡಿಯುವುದು ಮಂಡಿ ಬಾಗಿದಾಗ. ಮೊದಲು ಎರಡೂ ಕಾಲು, ಆಮೇಲೆ ಒಂಟಿ ಕಾಲು, ಆಮೇಲೆ ಬೆನ್ನಿಗೆ ಮರಳಿನ ಬ್ಯಾಗು. ಕಣಕಾಲು, ಹಿಮ್ಮಡಿ ಎರಡಕ್ಕೂ ಇದು ಮುಖ್ಯ.

2. ಬಸ್ಕಿ: ಪಾದ ಹೆಗಲಗಲ, ಹಿಮ್ಮಡಿ ನೆಲಕ್ಕೆ ಅಂಟಿರಲಿ. ಕುರ್ಚಿಯಲ್ಲಿ ಕೂರುವಂತೆ ಇಳಿದು ಏಳಬೇಕು; ಮಂಡಿಗಳು ಒಳಕ್ಕೆ ವಾಲಬಾರದು. ಎದೆಗೆ ಅವಚಿದ ಅರ್ಧ ಕ್ಯಾನು ನೀರು ಮುಂದಿನ ಹಂತ.

3. ಜಗಲಿ ಇಳಿಯುವುದು: ಗೇಣುದ್ದದ ಮೆಟ್ಟಿಲ ಮೇಲೆ ಒಂಟಿ ಕಾಲಿನಲ್ಲಿ ನಿಂತು, ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ಮೆಲ್ಲಗೆ ಮುಟ್ಟಿಸಿ ಮತ್ತೆ ಮೇಲೇಳುವುದು. ಮಂಡಿನೋವಿನವರಿಗೆ ಮೆಟ್ಟಿಲು ಗಿಡ್ಡದಾಗಿರಲಿ.

4. ಸೇತುವೆ: ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟವನ್ನು ಮೇಲೆತ್ತಿ ಹಿಡಿಯುವುದು. ಸುಲಭವಾದ ಮೇಲೆ ಒಂಟಿ ಕಾಲಿನಲ್ಲಿ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತಿಳಿಸುವುದನ್ನೂ ಸೇರಿಸಿಕೊಳ್ಳಬೇಕು.

5. ತೊಡೆಯ ಹಿಂಭಾಗಕ್ಕೆ: ಮಂಡಿಯೂರಿ ಕುಳಿತವನ ಕಾಲ್ಗಿಣ್ಣನ್ನು ಗೆಳೆಯ ಒತ್ತಿ ಹಿಡಿಯಲಿ. ಮೈಯನ್ನು ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ, ಕೊನೆಗೆ ಕೈಯೂರಬೇಕು. ಮೊದಲ ವಾರ ನಾಲ್ಕೈದು ಸಲ ಮಾತ್ರ. ಹೆಚ್ಚಾದರೆ ಮರುದಿನ ನಡೆಯುವುದೇ ಕಷ್ಟ. ಫುಟ್‌ಬಾಲ್ ಆಟಗಾರರಲ್ಲಿ ತೊಡೆಯ ಗಾಯ ಕಡಿಮೆ ಮಾಡಿ ತೋರಿಸಿದ ವ್ಯಾಯಾಮವಿದು.

6. ಪಾದಕ್ಕೆ: ನೆಲದ ಮೇಲೆ ಹಾಸಿದ ಟವಲನ್ನು ಕಾಲ್ಬೆರಳುಗಳಿಂದ ಎಳೆದು ಮುದುಡುವುದು. ಬೆರಳು ಮಡಚದೆ ಅಂಗಾಲಿನ ಕಮಾನನ್ನು ಮೇಲೆತ್ತುವುದು.

ಆರೆಂಟು ವಾರ ಹೀಗೆ ಬಲ ಬಂದ ಮೇಲೆ ಸ್ಕಿಪ್ಪಿಂಗ್, ಸಣ್ಣ ಕುಪ್ಪಳಿಕೆಗಳನ್ನು ಸೇರಿಸಬಹುದು. ಹೈಸ್ಕೂಲು ಮಕ್ಕಳೂ ಇವನ್ನು ಮಾಡಬಹುದು. ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಎಂಬುದು ತಪ್ಪು ನಂಬಿಕೆ. ದೊಡ್ಡವರು ನೋಡಿಕೊಳ್ಳುತ್ತಿರಬೇಕು, ಪೈಪೋಟಿಯ ಮೇಲೆ ಅತಿಭಾರ ಎತ್ತಬಾರದು, ಅಷ್ಟೆ.

ಬಲ ಬೆಳೆದರೆ ವೇಗ ಕುಗ್ಗೀತು ಎಂಬ ಅಂಜಿಕೆಯೂ ಬೇಡ. 1980 ಮತ್ತು 1984ರ ಒಲಿಂಪಿಕ್ಸ್‌ಗಳಲ್ಲಿ 1500 ಮೀಟರ್ ಚಿನ್ನ ಗೆದ್ದ ಬ್ರಿಟನ್ನಿನ ಸೆಬಾಸ್ಟಿಯನ್ ಕೋ ತೆಳ್ಳಗಿನ ಮೈಕಟ್ಟಿನವರು. ಭಾರದ ವ್ಯಾಯಾಮ, ಸರ್ಕಿಟ್ ವ್ಯಾಯಾಮಗಳು ಅವರ ತಯಾರಿಯ ದೊಡ್ಡ ಭಾಗವೇ ಆಗಿದ್ದವು.

ಓಟ ಏರಿಸುವ ಗಣಿತ

ಬಲ ಒಂದು ಕೈಯಾದರೆ ಓಟದ ಅಳತೆ ಇನ್ನೊಂದು ಕೈ. ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಡಿ ಎಂಬ ಹಳೆಯ ಸೂತ್ರವನ್ನು ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ಪರೀಕ್ಷಿಸಿದರು. 2008ರಲ್ಲಿ ಬಂದ ಫಲಿತಾಂಶ ಅಚ್ಚರಿಯದು. ನಿಧಾನವಾಗಿ ಏರಿಸಿದವರಲ್ಲೂ ಬೇಗ ಏರಿಸಿದವರಲ್ಲೂ ಐದರಲ್ಲಿ ಒಬ್ಬರಿಗೆ ಗಾಯ. ಬರೀ ವಾರದ ಮೊತ್ತ ನೋಡಿದರೆ ಸಾಲದು ಎಂದಾಯಿತು. 2025ರಲ್ಲಿ ಪ್ರಕಟವಾದ, 5,200 ಓಟಗಾರರ ದೊಡ್ಡ ಅಧ್ಯಯನವೊಂದು ಬೇರೆಯದೇ ಕಡೆಗೆ ಬೆರಳು ತೋರಿತು. ಕಳೆದ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಒಂದೇ ದಿನ ಶೇ. 10ಕ್ಕೂ ಮಿಗಿಲಾಗಿ ಓಡಿದಾಗ ಗಾಯಗಳು ಹೆಚ್ಚಾದವು. ಈ ತಿಂಗಳಲ್ಲಿ ಒಮ್ಮೆಗೆ 3 ಕಿಲೋಮೀಟರಿಗಿಂತ ಹೆಚ್ಚು ಓಡದವನು ಭಾನುವಾರ ಗೆಳೆಯರ ಜಿದ್ದಿಗೆ ಬಿದ್ದು 6 ಓಡುವುದೇ ಅಪಾಯ.

ಹಾಗಾಗಿ ಹೊಸಬರು ವಾರಕ್ಕೆ ಮೂರು ನಾಲ್ಕು ದಿನ, ಒಂದು ದಿನ ಬಿಟ್ಟು ಒಂದು ದಿನ ಓಡುವುದು ಒಳ್ಳೆಯದು. ಅದರಲ್ಲಿ ಒಂದು ದಿನ ಮಾತ್ರ ಗಡಿಯಾರ ಹಿಡಿದ ವೇಗದ ಓಟ. ಉಳಿದವು ಪಕ್ಕದವನೊಡನೆ ಮಾತಾಡಬಲ್ಲಷ್ಟು ನಿಧಾನ. ಸಾಧ್ಯವಿದ್ದರೆ ಟಾರು ರಸ್ತೆಗಿಂತ ಮಣ್ಣಿನ ಹಾದಿ ಲೇಸು. ಲಾರಿಗಳ ಅಪಾಯವೂ ತಪ್ಪುತ್ತದೆ. ಚಿಕ್ಕ ಮೈದಾನದಲ್ಲಿ ಸದಾ ಒಂದೇ ದಿಕ್ಕಿಗೆ ಸುತ್ತಿದರೆ ಎರಡು ಕಾಲಿಗೂ ಒಂದೇ ಸಮ ಹೊರೆ ಬೀಳುವುದಿಲ್ಲ. ಅಭ್ಯಾಸದ ದಿನಗಳಲ್ಲಿ ದಿಕ್ಕು ಬದಲಿಸಿ. ಬರಿಗಾಲು ತಪ್ಪಲ್ಲ, ಬೂಟೂ ತಪ್ಪಲ್ಲ. ಒಂದರಿಂದ ಇನ್ನೊಂದಕ್ಕೆ ದಿಢೀರನೆ ಹಾರುವುದು ತಪ್ಪು. ಬೆಟ್ಟ ಹತ್ತುವುದು ಒಳ್ಳೆಯ ವ್ಯಾಯಾಮವೇ, ಆದರೆ ಮಂಡಿಗೂ ತೊಡೆಗೂ ಪೆಟ್ಟು ಬೀಳುವುದು ಇಳಿಯುವಾಗ. ಇಳಿಜಾರಿನಲ್ಲಿ ಓಡದೆ ನಡೆದು ಬನ್ನಿ.

ನೋವು ಬಂದೇ ಬಿಟ್ಟರೆ

ಮೊದಲನೆಯ ಮಾತು: ಮಾತ್ರೆ ನುಂಗಿ ಓಡಬೇಡಿ. ನೋವು ಊರಿನ ಕಾವಲುಗಾರನಿದ್ದಂತೆ. ಕೂಗಿದನೆಂದು ಅವನ ಬಾಯಿ ಕಟ್ಟಿದರೆ ಕಳ್ಳ ಓಡಿಹೋಗುವುದಿಲ್ಲ.

ಎರಡನೆಯದು, ಎಲುಬಿನ ನೋವಿಗೂ ಸ್ನಾಯುರಜ್ಜುವಿನ ನೋವಿಗೂ ವ್ಯವಹಾರ ಬೇರೆ. ಹಿಮ್ಮಡಿಯ ರಜ್ಜು, ಅಂಗಾಲು, ಮಂಡಿಚಿಪ್ಪಿನ ನೋವಿಗೆ ಪೂರ್ಣ ವಿಶ್ರಾಂತಿ ಮದ್ದಲ್ಲ. ಓಟ ತಗ್ಗಿಸಿ, ಬಲದ ವ್ಯಾಯಾಮ ಮುಂದುವರಿಸಬೇಕು. ನೋವಿಗೆ ಹತ್ತರಲ್ಲಿ ಅಂಕ ಕೊಟ್ಟುಕೊಳ್ಳಿ. ವ್ಯಾಯಾಮದ ವೇಳೆ ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಮೊದಲಿನಷ್ಟಕ್ಕೇ ಇಳಿದಿದ್ದರೆ ಚಿಂತೆಯಿಲ್ಲ. ಏರಿದ್ದರೆ ಹೊರೆ ತಗ್ಗಿಸಿ. ಅಂಗಾಲಿನ ನೋವಿಗೆ ಸುರುಳಿ ಸುತ್ತಿದ ಟವಲನ್ನು ಕಾಲ್ಬೆರಳ ಕೆಳಗಿಟ್ಟು ಹಿಮ್ಮಡಿ ಎತ್ತುವ ವ್ಯಾಯಾಮ ದಿನ ಬಿಟ್ಟು ದಿನ ಮಾಡಿದವರು, ಮೂರು ತಿಂಗಳಲ್ಲಿ ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದರೆಂದು ಡೆನ್ಮಾರ್ಕಿನ 2014ರ ಪ್ರಯೋಗ ತೋರಿಸಿದೆ.

ಎಲುಬಿನ ನೋವಿನ ಜೊತೆ ಈ ಚೌಕಾಸಿ ಇಲ್ಲ. ಒಂದೇ ಬಿಂದುವಿನಲ್ಲಿ ನೋವು, ಊತ, ರಾತ್ರಿ ನೋವು, ಕುಂಟು, ತೊಡೆಸಂದಿನಲ್ಲಿ ಆಳದ ನೋವು, ಇವುಗಳಲ್ಲಿ ಯಾವುದಿದ್ದರೂ ಓಟ ನಿಲ್ಲಿಸಿ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು. ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. 'ಎಕ್ಸ್-ರೇ ಚೆನ್ನಾಗಿದೆ, ಓಡಬಹುದು' ಎಂದು ತಾವೇ ತೀರ್ಮಾನಿಸಬಾರದು. ಅಲ್ಲಿಯವರೆಗೆ ಬಲವಾಗಿ ತಿಕ್ಕಿಸುವುದು, ನೀವಿಸುವುದು, ಬಿಗಿಯಾಗಿ ಕಟ್ಟಿಸುವುದು ಬೇಡ.

ಮರಳುವುದೂ ಮೆಟ್ಟಿಲು ಮೆಟ್ಟಿಲಾಗಿಯೇ. ಅರ್ಧ ಗಂಟೆ ಬಿರುಸಾಗಿ ನಡೆದರೂ, ಒಂಟಿ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋಯದಿದ್ದಾಗ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಹತ್ತು ಸಲ. ಮುಂದೆ ಓಟದ ಪಾಲು ಹೆಚ್ಚಲಿ. ನಡುವಿನ ದಿನಗಳಲ್ಲಿ ಸೈಕಲ್ ತುಳಿದರೆ ಉಸಿರಿನ ಶಕ್ತಿ ಹೆಚ್ಚಾಗಿ ಉಳಿಯುತ್ತದೆ.

ಪಾವಗಡದ ನೀರು, ಮನೆಯ ರಾಗಿ

ಈ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಪಾವಗಡ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಹಳೆಯ ಸಮಸ್ಯೆ. ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ ಒಂದೂವರೆಯವರೆಗೆ ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರಲ್ಲಿ ಹಲ್ಲಿನ ಮೇಲೆ ಕಂದು ಕಲೆ, ಕೀಲು ಬಿಗಿತ, ಎಲುಬು ನೋವು ಬರುತ್ತವೆ. ಹಾಗಾಗಿ ಕಾಲುನೋವೆಲ್ಲವೂ ಓಟದ್ದೇ ಅಲ್ಲ. ಕುತ್ತಿಗೆ, ಬೆನ್ನು, ಸೊಂಟವೂ ಬಿಗಿಯುತ್ತಿದ್ದರೆ ವೈದ್ಯರಿಗೆ ಕುಡಿಯುವ ನೀರಿನ ವಿಷಯವನ್ನೂ ಹೇಳಬೇಕು. ಕ್ಯಾನಿನ ನೀರು ಕುಡಿಯುವುದಕ್ಕೂ ಇರಲಿ, ಬಸ್ಕಿಯ ಭಾರಕ್ಕೂ ಇರಲಿ.

ಎಲುಬು ಕಟ್ಟಲು ಸಾಮಗ್ರಿ ಬೇಕು. ಅದು ಮನೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಸುಣ್ಣದ ಅಂಶ, ಅಷ್ಟೇ ಹುರುಳಿಯಲ್ಲಿ 22 ಗ್ರಾಂ, ಕಡಲೆಕಾಯಿ ಬೀಜದಲ್ಲಿ 25 ಗ್ರಾಂ ಪ್ರೋಟೀನ್. ಮುದ್ದೆ, ಹುರುಳಿ ಸಾರು, ಒಂದು ಹಿಡಿ ಕಡಲೆಬೀಜ, ಸಿಕ್ಕರೆ ಮೊಟ್ಟೆ, ಹಾಲು. ಡಬ್ಬದ ಪುಡಿಗೆ ಸಾಲ ಮಾಡಬೇಕಿಲ್ಲ. ತೂಕ ಇಳಿಸುವ ಭರದಲ್ಲಿ ಊಟ ಬಿಟ್ಟು ಓಡುವುದು ಮಾತ್ರ ಎಲುಬಿಗೆ ಮಾಡುವ ದ್ರೋಹ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಓಟ ಹೆಚ್ಚಿಸಿದ ಮೇಲೆ ಮುಟ್ಟು ನಿಂತುಹೋದರೆ ಅದು ಅನುಕೂಲವಲ್ಲ. ಆಹಾರ ಸಾಲದು, ಎಲುಬು ಸವೆಯುತ್ತಿದೆ ಎಂದು ಮೈ ಕೊಡುವ ಸೂಚನೆಯಾಗಿರಬಹುದು, ವೈದ್ಯರನ್ನು ಕಾಣಬೇಕು.

ಮೈದಾನದಲ್ಲೊಬ್ಬರು

ಹಾಗಾದರೆ ಯಾವಾಗ ಶುರು ಮಾಡಬೇಕು? ಫಲಿತಾಂಶ ಬಂದ ದಿನವಲ್ಲ, ಅರ್ಜಿ ಹಾಕಿದ ದಿನ. ಪುಸ್ತಕ ತೆರೆದ ದಿನವೇ ಮೆಟ್ಟಿಲಿನಂಚಿನಲ್ಲಿ ಹಿಮ್ಮಡಿಯನ್ನೂ ಎತ್ತಬೇಕು. ಓದುವ ಆರು ತಿಂಗಳಲ್ಲಿ ವಾರಕ್ಕೆ ಎರಡು ಅರ್ಧಗಂಟೆ ಎಂದರೆ ಒಟ್ಟು 26 ಗಂಟೆ. ಒಂದು ನೌಕರಿಗೆ ಇದು ಹೆಚ್ಚಿನ ಬೆಲೆಯೇನಲ್ಲ.

ಮುಂದೆ ನಿಂತು ಮಾಡಿಸುವವರು ಬೇಕೆಂದು ಪ್ರಯೋಗಗಳೇ ಹೇಳುತ್ತವೆ. ಶಾಲೆಯ ದೈಹಿಕ ಶಿಕ್ಷಕರು, ಊರಿಗೆ ಮರಳಿದ ನಿವೃತ್ತ ಸೈನಿಕರು, ಈಗಾಗಲೇ ಪೊಲೀಸ್ ನೌಕರಿ ಹಿಡಿದ ಊರಿನ ಅಣ್ಣಂದಿರು, ಯಾರಾದರೂ ಸರಿ, ವಾರಕ್ಕೆರಡು ದಿನ ಮೈದಾನದ ಮೆಟ್ಟಿಲ ಬಳಿ ನಿಂತು ಎಣಿಸಿದರೆ ಸಾಕು. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಕಸಿದುಕೊಳ್ಳದೆ ಬಿಟ್ಟರೆ, ಹೈಸ್ಕೂಲಿನಲ್ಲಿಯೇ ಇದರ ಅರ್ಧ ಕೆಲಸ ಮುಗಿದಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಕಾಲಿಗೂ ಸಲ್ಲುತ್ತದೆ.

ಮುಂದಿನ ನೇಮಕಾತಿಯ ದಿನ ಆ ಹುಡುಗ ಐದನೆಯ ಸುತ್ತನ್ನು ದಾಟಿ ಎಂಟನೆಯದಕ್ಕೆ ಬಂದಾಗ, ಅವನ ಉಸಿರಿನ ಜೊತೆ ಕಾಲೂ ಬಂದಿರಬೇಕು. ಒಮ್ಮೆ ಕಿವಿ ಹಿಡಿದು ಹೊಡೆಸಿದ ಬಸ್ಕಿಗೆ ಅದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಇನ್ನೇನಿದೆ?